ಮಂಕು ಬೂದನ್ನು ಓದುವ ಬಗೆ

ಸಿಟಿ ಸ್ಕ್ಯಾನ್ ನೋಡಲು ಕಲಿಯುವವರ ಕಣ್ಣು ಮೊದಲು ಓಡುವುದು ಬೆಳ್ಳಗೆ ಹೊಳೆಯುವ ಕಡೆಗೆ. ಅಡ್ರಿನಲ್ ಗ್ರಂಥಿಯ ಗಡ್ಡೆಗಳನ್ನು ನೋಡುವಾಗ ಈ ಅಭ್ಯಾಸ ಬಿಡಬೇಕು. ಇಲ್ಲಿ ಅರ್ಧಕ್ಕಿಂತ ಹೆಚ್ಚು ವಿಷಯ ಇರುವುದು ಕಾಂಟ್ರಾಸ್ಟ್ ಔಷಧಿ ಕೊಡುವ ಮೊದಲು ತೆಗೆದ ಪ್ಲೇನ್ ಸ್ಕ್ಯಾನಿನ ಮಂಕು ಬೂದಿನಲ್ಲಿ. ಆಲಾಪಕ್ಕೆ ಕೂರದವನಿಗೆ ರಾಗ ದಕ್ಕದು, ಇದೂ ಹಾಗೆಯೇ.

ಮೊದಲು ಗ್ರಂಥಿಯನ್ನು ಹುಡುಕಿ. ಕಿಡ್ನಿಯ ನೆತ್ತಿಯ ಹತ್ತಿರ, ಸುತ್ತಲಿನ ಕೊಬ್ಬಿನ ಕಪ್ಪಿನ ನಡುವೆ, ತಲೆಕೆಳಗಾದ ವೈ ಅಕ್ಷರದ ಆಕಾರದಲ್ಲಿ ತೆಳ್ಳಗೆ ಚಾಚಿರುತ್ತದೆ. ಅದರ ಕಾಲುಗಳ ಅಂಚು ನೇರವಾಗಿ ಅಥವಾ ತುಸು ಒಳಬಾಗಿ ಇರಬೇಕು. ಎಲ್ಲಾದರೂ ಹೊರಕ್ಕೆ ಉಬ್ಬಿದ್ದರೆ ಅಲ್ಲಿ ನಿಲ್ಲಿ.

ಆ ಉಬ್ಬಿನ ಮೂರನೇ ಎರಡು ಭಾಗವನ್ನಾದರೂ ತುಂಬುವಂತೆ ಒಂದು ವೃತ್ತ ಎಳೆಯಿರಿ. ಅಂಚಿಗೆ ತಾಗಿಸಬೇಡಿ, ಸುತ್ತಲಿನ ಕೊಬ್ಬು ಸೇರಿ ಲೆಕ್ಕ ಕೆಡುತ್ತದೆ. ಪರದೆಯ ಮೇಲೆ ಬರುವ ಸಂಖ್ಯೆ ಹೌನ್ಸ್‌ಫೀಲ್ಡ್ ಮಾನದ್ದು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿದ ಯಂತ್ರವನ್ನು ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಹೆಸರು ಅದಕ್ಕಿದೆ. ನೀರು 0, ಗಾಳಿ −1000, ಕೊಬ್ಬು ಸುಮಾರು −100.

ಗಡ್ಡೆ ಎಲ್ಲೆಡೆ ಒಂದೇ ಸಮನಾಗಿದ್ದು ಸಂಖ್ಯೆ 10 ಅಥವಾ ಅದಕ್ಕಿಂತ ಕೆಳಗಿದ್ದರೆ ಅದು ಬಹುತೇಕ ಖಚಿತವಾಗಿ ನಿರುಪದ್ರವಿ ಅಡಿನೋಮಾ. ಅದರ ಕಾರಣವೇ ನನಗೆ ಇಡೀ ವಿದ್ಯೆಯಲ್ಲಿ ಅತ್ಯಂತ ಚೆಂದವೆನಿಸುತ್ತದೆ. ಅಡಿನೋಮಾದ ಜೀವಕೋಶಗಳು ಕಾರ್ಟಿಸಾಲ್‌ನಂಥ ಹಾರ್ಮೋನು ತಯಾರಿಸಲು ಕೊಲೆಸ್ಟರಾಲನ್ನು ಒಡಲಲ್ಲಿ ಕೂಡಿಟ್ಟುಕೊಂಡಿರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಆ ಜಿಡ್ಡಿನ ಹನಿಗಳೇ ಸಂಖ್ಯೆಯನ್ನು ಕೆಳಗೆಳೆಯುತ್ತವೆ. ಜೀವಕೋಶದ ಉಗ್ರಾಣವನ್ನು ಸೂಜಿ ಚುಚ್ಚದೆಯೇ ನೋಡಿದಂತಾಯಿತು! ಕೊಬ್ಬು, ಮಜ್ಜೆ ಬೆರೆತ ಮೈಲೋಲಿಪೋಮಾ ಎಂಬ ನಿರುಪದ್ರವಿ ಗಡ್ಡೆಯಲ್ಲಾದರೆ ಕೊಬ್ಬು ಕಪ್ಪು ತೇಪೆಯಾಗಿ ನೇರವಾಗಿಯೇ ಕಾಣುತ್ತದೆ.

ಅಡಿನೋಮಾಗಳಲ್ಲಿ ಸುಮಾರು ಮೂರನೇ ಒಂದರಷ್ಟಕ್ಕೆ ಇಷ್ಟು ಜಿಡ್ಡು ಇರುವುದಿಲ್ಲ. ಆಗ ಕಾಂಟ್ರಾಸ್ಟ್ ಕೊಟ್ಟು ಒಂದು ನಿಮಿಷದ ಆಸುಪಾಸಿನಲ್ಲಿ ಒಮ್ಮೆ, 15 ನಿಮಿಷಕ್ಕೆ ಮತ್ತೊಮ್ಮೆ ನೋಡುವ ವಾಶೌಟ್ ಕ್ರಮವಿದೆ. ಮೊದಲಿಗೆ 20 ಇದ್ದದ್ದು 90ಕ್ಕೆ ಏರಿ, ಆಮೇಲೆ 45ಕ್ಕೆ ಇಳಿಯಿತೆನ್ನಿ. ಏರಿದ್ದು 70, ಇಳಿದದ್ದು 45, ಅಂದರೆ ಶೇ. 64. ಶೇ. 60 ದಾಟಿದರೆ ಅಡಿನೋಮಾ ಕಡೆಗೆ ವಾಲಬಹುದು. ವಾಲಬಹುದು ಅಷ್ಟೇ. ಅಡ್ರಿನಾಲಿನ್‌ನಂಥ ಹಾರ್ಮೋನು ಸುರಿಸುವ ಫಿಯೋಕ್ರೊಮೊಸೈಟೋಮಾ ಎಂಬ ಗಡ್ಡೆ ಕೂಡ ಜೋರಾಗಿ ಹೊಳೆದು ಹೀಗೆಯೇ ಇಳಿಯಬಲ್ಲದು. ಗೊತ್ತಿಲ್ಲದೆ ಅದಕ್ಕೆ ಬಯಾಪ್ಸಿ ಸೂಜಿ ಚುಚ್ಚಿದರೆ ರಕ್ತದೊತ್ತಡ ಒಮ್ಮೆಲೇ ಏರಿ ಜೀವಕ್ಕೇ ಕುತ್ತು ಬರಬಹುದು. ಹಾಗಾಗಿ ಪ್ಲೇನ್ ಸ್ಕ್ಯಾನಿನ ಸಂಖ್ಯೆ 10 ದಾಟಿದ ಗಡ್ಡೆಗೆ, ಆ ಹಾರ್ಮೋನುಗಳ ಸುಳಿವು ಹಿಡಿಯುವ ಮೆಟನೆಫ್ರಿನ್ ಪರೀಕ್ಷೆಯಾಗದೆ ಸೂಜಿಯ ಮಾತೇ ಬೇಡ.

4 ಸೆಂಟಿಮೀಟರಿಗಿಂತ ದೊಡ್ಡದಾಗಿ, ನಡುವೆ ಕೊಳೆತ ಭಾಗ, ಸುಣ್ಣದ ಚುಕ್ಕೆ, ಒರಟು ಅಂಚು ಇದ್ದರೆ ಕ್ಯಾನ್ಸರಿನ ಶಂಕೆ ಬಲವಾಗುತ್ತದೆ. ಶ್ವಾಸಕೋಶ, ಸ್ತನದ ಕ್ಯಾನ್ಸರುಗಳು ಇಲ್ಲಿಗೆ ಹರಡುವುದೂ ಉಂಟು. ಎರಡೂ ಗ್ರಂಥಿಗಳು ಒಟ್ಟಿಗೆ ದಪ್ಪಗಾಗಿದ್ದರೆ, ನಮ್ಮ ದೇಶದಲ್ಲಿ ಕ್ಷಯವನ್ನೂ ಹಿಸ್ಟೊಪ್ಲಾಸ್ಮೋಸಿಸ್ ಎಂಬ ಶಿಲೀಂಧ್ರ ಸೋಂಕನ್ನೂ ಮರೆಯುವಂತಿಲ್ಲ.

ಇಷ್ಟಾದರೂ ತೀರ್ಮಾನವಾಗದಿದ್ದರೆ ರೋಗಿಯ ಹಳೆಯ ಸ್ಕ್ಯಾನುಗಳನ್ನು ತರಿಸಿ. ಬೇರಾವುದೋ ಹೊಟ್ಟೆನೋವಿಗೆ ವರ್ಷಗಳ ಹಿಂದೆ ತೆಗೆಸಿದ ಫಿಲ್ಮಿನಲ್ಲೂ ಅದೇ ಗಂಟು ಅದೇ ಅಳತೆಯಲ್ಲಿ ಕಂಡರೆ, ಬೇರೆ ಯಾವ ಲೆಕ್ಕಕ್ಕಿಂತಲೂ ಅದು ಹೆಚ್ಚು ಧೈರ್ಯ ಕೊಡುತ್ತದೆ.