ಎತ್ತಿಕೊಳ್ಳಬಾರದ ಮೊಲ

ಡೇರಿಯಸ್ ಎಂಬ ಬ್ರಿಟನ್ನಿನ ಮೊಲ 2010ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದಾಗ ಅದರ ಉದ್ದ 129 ಸೆಂಟಿಮೀಟರ್. ಎರಡನೇ ಕ್ಲಾಸಿನ ಮಗುವಿನ ಎತ್ತರ ಅದು. ಇಂಥ ಮೊಲವನ್ನು ಕೂಸಿನ ಹಾಗೆ ಎದೆಗವಚಿಕೊಂಡವರ ಚಿತ್ರ ನೋಡಿದರೆ ಯಾರಿಗಾದರೂ ನಮ್ಮ ಮನೆಗೂ ಒಂದು ಬೇಕು ಅನ್ನಿಸುತ್ತದೆ. ನನ್ನ ತಕರಾರು ಇರುವುದು ಹಾಗೆ ಎತ್ತಿಕೊಳ್ಳುವುದರ ಬಗ್ಗೆಯೇ.

ದೈತ್ಯ ತಳಿಗಳಲ್ಲಿ ಹೆಸರಾದದ್ದು ಫ್ಲೆಮಿಶ್ ಜೈಂಟ್. ಬೆಲ್ಜಿಯಂನ ಫ್ಲಾಂಡರ್ಸ್ ಸೀಮೆಯಲ್ಲಿ ಮಾಂಸಕ್ಕೂ ತುಪ್ಪಳಕ್ಕೂ ಬೆಳೆಸಿದ ತಳಿ. ಆರೇಳು ಕಿಲೋ ತೂಗುವುದು ಮಾಮೂಲು. ತಕ್ಕಡಿಗೆಂದು ಹಿಗ್ಗಿಸಿದ ಮೈ ಅದು. ಆ ಭಾರ ಹೊರಬೇಕಾದದ್ದು ಮಾತ್ರ ಮೊಲವೇ.

ಸಾಕಿದವರ ಹೊಗಳಿಕೆ ಸುಳ್ಳಲ್ಲ. ಪುಟ್ಟ ತಳಿಗಳಷ್ಟು ಇವು ಬೆದರುವುದಿಲ್ಲ. ಹೆಸರು ಹಿಡಿದು ಕರೆದರೆ ಬರಲು, ಮೂಲೆಯಲ್ಲಿಟ್ಟ ಟ್ರೇಯಲ್ಲೇ ಉಚ್ಚೆ ಹೊಯ್ಯಲು ಕಲಿಯುತ್ತವೆ. ಆದರೆ “ಎಷ್ಟು ಸಾಧು ನೋಡಿ, ಅಲ್ಲಾಡೋದೇ ಇಲ್ಲ” ಎನ್ನುವಲ್ಲಿ ಎಡವುತ್ತೇವೆ. ಮೊಲ ಬೇಟೆಗೆ ಸಿಕ್ಕುವ ಜೀವ. ಹೆದರಿದಾಗಲೂ ಅಲ್ಲಾಡದೆ ಕೂರುತ್ತದೆ, ನೋವನ್ನೂ ಬಚ್ಚಿಡುತ್ತದೆ. ಆ ಮೌನವನ್ನು ನೆಮ್ಮದಿ ಎಂದುಕೊಳ್ಳುವುದು ನಮ್ಮ ಅನುಕೂಲಕ್ಕೆ.

ಅದು ಕಾಲು ಚಾಚಿ ಮಲಗಿದಾಗ ಹಿಂಗಾಲಿನ ಅಡಿಯನ್ನು ಗಮನಿಸಿ. ನಾಯಿ, ಬೆಕ್ಕಿಗಿರುವಂಥ ಮೆತ್ತನೆಯ ಅಂಗಾಲಿಲ್ಲ, ಬರೀ ರೋಮ. ತಂತಿ ತಳದ ಗೂಡಿನಲ್ಲಿ ಅಷ್ಟು ಭಾರ ದಿನವಿಡೀ ಕೂತರೆ ರೋಮ ಸವೆದು, ಚರ್ಮ ಕೆಂಪಾಗಿ, ಹುಣ್ಣಾಗುತ್ತದೆ. ನುಣುಪು ಟೈಲ್ಸ್ ಮೇಲೆ ಕಾಲು ಜಾರುತ್ತದೆ. ಇನ್ನು ಮಗು ಕಂಕುಳಿಗೆ ಕೈ ಕೊಟ್ಟು ಎತ್ತಿತೆಂದರೆ, ಜೋತುಬಿದ್ದ ಹಿಂಗಾಲುಗಳನ್ನು ಮೊಲ ಜೋರಾಗಿ ಝಾಡಿಸುತ್ತದೆ. ಆ ಒದೆತಕ್ಕೇ ಅದರ ಬೆನ್ನುಮೂಳೆ ಮುರಿಯಬಹುದು.

ಊಟದ ವಿಷಯದಲ್ಲೂ ನಮ್ಮ ಕಲ್ಪನೆ ತಪ್ಪು. ಮೊಲಕ್ಕೆ ಬೇಕಾದದ್ದು ಒಣಹುಲ್ಲು. ಕ್ಯಾರೆಟ್ ಏನಿದ್ದರೂ ಸಿಹಿತಿಂಡಿ. ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುವುದರಿಂದ ಹುಲ್ಲು ಅಗಿದು ಸವೆಸಿಕೊಳ್ಳಬೇಕು. ಅರ್ಧ ದಿನ ಏನೂ ತಿನ್ನದಿದ್ದರೆ ಕರುಳಿನ ಚಲನೆಯೇ ನಿಂತಿರಬಹುದು. ನಾಳೆ ನೋಡೋಣ ಎನ್ನದೆ ವೈದ್ಯರ ಬಳಿ ಓಡಬೇಕು.

ನಮ್ಮ ಸೀಮೆಗೆ ಈ ತಳಿ ತರುವುದನ್ನು ನಾನು ಒಪ್ಪಲಾರೆ. ಮೊಲ ನಮ್ಮಂತೆ ಬೆವರಿ ತಂಪಾಗುವುದಿಲ್ಲ. ಮೈಯ ಕಾವು ಹೊರಹೋಗುವುದು ಮುಖ್ಯವಾಗಿ ಕಿವಿಗಳ ಮೂಲಕ. 30 ಡಿಗ್ರಿ ದಾಟಿದರೆ ಅದಕ್ಕೆ ಅಪಾಯ. ರಾಯಚೂರು, ಕಲಬುರಗಿಯ ಬಿಸಿಲಿನ ಮಾತು ಹಾಗಿರಲಿ, ಬೆಂಗಳೂರಿನ ಏಪ್ರಿಲ್ ಕೂಡ ಅದಕ್ಕೆ ಹಿಂಸೆಯೇ.

ತಂಪು ನಾಡಿನ ಮನೆಗಳಿಗೂ ನನ್ನ ಒಪ್ಪಿಗೆ ಷರತ್ತಿನದು. ಓಡಾಡಲು ಜಾಗ, ಕಾಲಡಿಗೆ ಕಂಬಳಿ, ಜೊತೆಗೊಂದು ಮೊಲ, ಮೊಲಗಳನ್ನು ಬಲ್ಲ ವೈದ್ಯರು ಇರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ನೆಲದ ಮೇಲೆ ಕೂತು ಕಾಯುವುದನ್ನು ಮಕ್ಕಳಿಗೆ ಕಲಿಸಬೇಕು. ಕಾದರೆ ಅದು ತಾನಾಗಿ ಬರುತ್ತದೆ, ಗದ್ದವನ್ನು ಮಂಡಿಗೆ ಉಜ್ಜಿ ತನ್ನ ವಾಸನೆ ಹಚ್ಚುತ್ತದೆ. ಹಣೆ ಸವರಿದರೆ ಒಳಗೇ ಹಲ್ಲು ಮೆಲ್ಲಗೆ ಮಸೆಯುತ್ತದೆ. ಅದರ ನೆಮ್ಮದಿಯ ಸದ್ದು ಅದು. ಮನೆಯ ಟಿವಿ ಆರಿಸಿ ಹತ್ತಿರ ಕೂತರಷ್ಟೇ ಕಿವಿಗೆ ಬೀಳುವಷ್ಟು ಸಣ್ಣದು.