ಗೋಡೆ ಉಳೀತು, ಗಿರಣಿಯವನು?

ಪ್ಯಾರಿಸ್ಸಿನ ಸೇನ್ ನದಿ ದಂಡೆಯಲ್ಲಿ ಒಂದು ಹಿಟ್ಟಿನ ಗಿರಣಿ. ಗ್ರಾಂ ಮೂಲ್ಯಾಂ ಅಂತ ಹೆಸರು. ದೊಡ್ಡ ಗಿರಣಿ ಅಂತಲೇ ಅರ್ಥ. ಮೊದಲ ಮಹಾಯುದ್ಧದ ಕಾಲಕ್ಕೆ ಎದ್ದ ಕಟ್ಟಡ. ಗಿರಣಿ ನಿಂತ ಮೇಲೆ ವಾಸ್ತುಶಿಲ್ಪಿ ರೂಡಿ ರಿಚ್ಚೊಟ್ಟಿ ಅದನ್ನು ತಿದ್ದಿದರು. 2007ರ ಹೊತ್ತಿಗೆ ಪ್ಯಾರಿಸ್ ಡಿಡೆರೊ ವಿಶ್ವವಿದ್ಯಾಲಯದ ಗ್ರಂಥಾಲಯವೂ ಕಚೇರಿಗಳೂ ಒಳಗೆ ಬಂದವು. ಕೆಡವದೆ ಉಳಿಸಿದರಲ್ಲ ಅಂತ ಓದಿದವರು ಹೊಗಳುತ್ತಾರೆ. ನಾವೂ ಹೊಗಳುತ್ತೇವೆ. ಆದರೆ ನಾವು ನೋಡಿದ ಚಿತ್ರಗಳಲ್ಲಿ ಗೋಡೆ ಇದೆ, ಕಿಟಕಿ ಇದೆ, ಬೆಳಕಿದೆ. ಮೂಟೆ ಹೊತ್ತವನು ಎಲ್ರೀ?

ಈ ಪ್ರಶ್ನೆ ನಮಗೆ ಸುಮ್ಮನೆ ಹುಟ್ಟಿದ್ದಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿಗಳಿಂದ ಬಸ್ಸು ಹಿಡಿದು ದಾವಣಗೆರೆಗೆ ಓದಲು ಬಂದವರು ನಾವು. ಈ ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನೋ ಬಿರುದು. ಅದನ್ನು ದುಡಿದು ಕೊಟ್ಟವರು ಹತ್ತಿ ಗಿರಣಿಗಳ ಕೂಲಿಗಳು. ಆ ಕಾರ್ಮಿಕರ ಚಳವಳಿಯಿಂದ ಬಂದ ಕಮ್ಯುನಿಸ್ಟ್ ಪಂಪಾಪತಿಯವರನ್ನು 1978, 1983, 1985ರಲ್ಲಿ ಊರು ವಿಧಾನಸಭೆಗೆ ಕಳಿಸಿತ್ತು. ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅತ್ತ 1979ರಲ್ಲಿ ಬಂದಿದ್ದ ಮೈಸೂರು ವಿ.ವಿ.ಯ ಸ್ನಾತಕೋತ್ತರ ಕೇಂದ್ರ 1987ರಲ್ಲಿ ಕುವೆಂಪು ವಿ.ವಿ.ಗೆ ಸೇರಿ, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವೇ ಆಯಿತು. ಗಿರಣಿ ಊರೊಳಗೆ, ವಿ.ವಿ. ಊರಾಚೆ ತೋಳಹುಣಸೆಯಲ್ಲಿ. ಇವೆರಡೂ ಒಂದೇ ಸೂರಿನಡಿ ಇದ್ದಿದ್ದರೆ ಅಂತ ನಮಗೂ ಆಸೆಯಾಗುತ್ತದೆ.

ಆಸೆ ಪಟ್ಟ ತಕ್ಷಣ ಇನ್ನೊಂದು ನೆನಪಾಗುತ್ತದೆ. ಮುಂಬೈ ಗಿರಣಿಗಳ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ಲಾಳಿಗೆ ಹೊಸ ಕಂಡಿಕೆ ಹಾಕಿದಾಗ ದಾರದ ತುದಿಯನ್ನು ಬಾಯಿಂದ ಹೀರಿ ಎಳೆಯಬೇಕಿತ್ತು. ಎಂಜಲು ತಾಗಿ ಮೈಲಿಗೆಯಾಗುತ್ತೆ ಅಂತ ಸವರ್ಣ ಕಾರ್ಮಿಕರ ತಕರಾರು. ಕೂಲಿ ಹೆಚ್ಚಿದ್ದುದೂ ಆ ಖಾತೆಯಲ್ಲೇ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಇದನ್ನೇ ಕಾರ್ಮಿಕ ನಾಯಕರ ಮುಂದಿಟ್ಟು ಕೇಳಿದರು. ಕೆಂಬಾವುಟದ ಗೆಳೆಯರು ಇದನ್ನು ಬೇಗ ಮರೆಯುತ್ತಾರೆ, ಇರಲಿ. ಅದೇ ಮುಂಬೈನ ದಾದರಿನಲ್ಲಿ, ಇಂದೂ ಮಿಲ್ಲಿನ ಜಾಗದಲ್ಲಿ, 2015ರಲ್ಲಿ ಅಂಬೇಡ್ಕರ್ ಸ್ಮಾರಕಕ್ಕೆ ಅಡಿಗಲ್ಲು ಬಿತ್ತು. ಅಲ್ಲಿ ಲಾಳಿಯ ಕತೆಗೆ ಒಂದು ಗೋಡೆಯಾದರೂ ಬೇಕು.

ಹಾಗಾಗಿ ಗಿರಣಿಯನ್ನು ವಿಶ್ವವಿದ್ಯಾಲಯದ ಕಚೇರಿ ಮಾಡಿದವರನ್ನು ನಾವು ಕೇಳುವುದು ಇಷ್ಟೇ: ಒಳಗಿನ ಖಾತೆಗಳು ಬದಲಾದವೇ? ನಮ್ಮ ಅಜ್ಜಂದಿರು ಗಿರಣಿ ಗೇಟಿನಲ್ಲಿ ಜಾಬರನ ಮುಂದೆ ಬದಲಿ ಕೆಲಸಕ್ಕೆ ಕೈಕಟ್ಟಿ ನಿಂತರು. ನಾವು ಜಾತಿ ಸರ್ಟಿಫಿಕೇಟು ಹಿಡಿದು ಒಂದು ಕಚೇರಿಯ ಕಿಂಡಿ ಮುಂದೆ ಸ್ಕಾಲರ್‌ಶಿಪ್ಪಿಗೆ ನಿಂತೆವು. ‘ನಾಳೆ ಬಾರಯ್ಯ’ ಅನ್ನೋ ದನಿ ಎರಡು ಕಡೆಯೂ ಒಂದೇ. ಹಳೇ ಯಂತ್ರವೊಂದಕ್ಕೆ ಬಣ್ಣ ಬಳಿದು ಬಾಗಿಲಲ್ಲಿ ನಿಲ್ಲಿಸಿದರೆ ನಮ್ಮ ಹೊಟ್ಟೆ ತಣ್ಣಗಾಗೋದಿಲ್ಲ. ಹಾಜರಿ ಪುಸ್ತಕ ತಂದಿಡಿ. ಯಾರು ಯಾವ ಖಾತೆಯಲ್ಲಿದ್ದರು, ಪಾಳಿಗೆ ಎಷ್ಟು ಕೂಲಿ, ಯಾರ ಹೆಸರಿನ ಮುಂದೆ ಹೆಬ್ಬೆಟ್ಟು, ಎಲ್ಲ ಕಾಣಲಿ. ಅದನ್ನು ಕುಲಪತಿಗಳ ಕೋಣೆಯಲ್ಲಿ ಇಡಬೇಡಿ. ಆ ಕಿಂಡಿಯ ಪಕ್ಕದಲ್ಲೇ ಇಡಿ, ಸಾಲಿನಲ್ಲಿ ನಿಂತವರು ಓದಲಿ.