ಮರಳಿದವನು ರಾಮ, ಉಳಿದವಳು ನಾಗವೇಣಿ

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ನಾನು ಮೊದಲು ಓದಿದ್ದು ಬಳ್ಳಾರಿಯಲ್ಲಿ ಡಿಗ್ರಿ ಮಾಡುವಾಗ. ಅಲ್ಲಿಯವರೆಗೆ ಕಡಲು ಕಂಡವನಲ್ಲ. ನಮ್ಮ ಊರಲ್ಲಿ ಕತ್ತೆತ್ತಿದರೆ ಕಾಣುವುದು ಬಂಡೆಗುಡ್ಡ. ನೀರು ಎಂದರೆ ನಲ್ಲಿಗೆ ಯಾವತ್ತು ಬಿಡುತ್ತಾರೆಂದು ಕೊಡ ಇಟ್ಟುಕೊಂಡು ಕಾಯುವಂಥದ್ದು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮರಳಿನ ಪಟ್ಟಿಯಂಥ ಕೋಡಿ ಎಂಬ ಊರನ್ನು ಕಲ್ಪಿಸಿಕೊಳ್ಳಲು ನನಗೆ ಕಷ್ಟವಾಗಿತ್ತು. ರಾಮನನ್ನು ಅರ್ಥ ಮಾಡಿಕೊಳ್ಳಲು ಮಾತ್ರ ಯಾವ ಕಷ್ಟವೂ ಆಗಲಿಲ್ಲ. ಮದರಾಸಿನಲ್ಲಿ ಓದಿದವನು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವನು, ಕೆಲಸ ಹುಡುಕುತ್ತ ಮುಂಬಯಿಯವರೆಗೂ ಅಲೆದು ಕೊನೆಗೆ ಊರಿಗೆ ಬಂದವನು. ಪದವಿ ಇದೆ, ಕೆಲಸವಿಲ್ಲ. ಅದು ನಾನೇ ಅಂದುಕೊಂಡೆ. ಕಾದಂಬರಿಯ ಹೆಸರೇ ಅವನ ಪರವಾಗಿ ನಿಂತಿದೆಯಲ್ಲ!

ಎರಡನೆಯ ಸಲ ಓದಿದ್ದು ಅಪ್ಪ ತೀರಿಹೋದ ವರ್ಷ. ಬ್ರೂಸ್‌ಪೇಟೆಯ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಮ್ಮ ಒಂದು ಹಳೇ ಹೊಲಿಗೆ ಮಷೀನು ತಂದು ಇಟ್ಟುಕೊಂಡಿದ್ದಳು. ಬಳ್ಳಾರಿ ಜೀನ್ಸಿಗೆ ಹೆಸರಾದ ಊರು. ಪೀಸಿಗೆ ಇಷ್ಟು ಅಂತ ಮನೆಗೇ ಕೆಲಸ ಕೊಡುವವರಿದ್ದಾರೆ. ರಾತ್ರಿ ಮಷೀನಿನ ಸದ್ದಿನಲ್ಲೇ ನಾನು ಓದುತ್ತಿದ್ದೆ. ಈ ಸಲ ರಾಮ ಹಿಂದೆ ಸರಿದ. ಎದುರಿಗೆ ಬಂದು ಕೂತವಳು ಅವನ ತಾಯಿ ನಾಗವೇಣಿ.

ಏನಾದರೂ ಕಳೆದುಕೊಂಡವರು ಕಡಲ ಪಕ್ಕದ ಸಣ್ಣ ಊರಿಗೆ ಹೋಗಿ ಹೊಸದಾಗಿ ಬದುಕು ಕಟ್ಟಿಕೊಳ್ಳುವ ಕತೆಗಳು ಈಗ ಬಹಳ. ಪೇಟೆಯ ಮನೆ ಖಾಲಿ ಮಾಡುತ್ತಾರೆ, ಸಮುದ್ರ ಕಾಣುವ ಕಿಟಕಿಯ ಪಕ್ಕ ಕೂರುತ್ತಾರೆ, ಊರವರು ಮೆಲ್ಲಗೆ ಹತ್ತಿರವಾಗುತ್ತಾರೆ, ಗಾಯ ಮಾಯುತ್ತದೆ. ಅಂಥ ಸಿನಿಮಾ ನೋಡಿ ನಾನೂ ಕಣ್ಣು ಒರೆಸಿಕೊಂಡಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ಆ ಕತೆಗಳಲ್ಲಿ ಕಡಲೂರು ಎಂದರೆ ಹೊರಗಿನಿಂದ ಬಂದವರಿಗೆ ಸಿಗುವ ಮದ್ದು. ಕಳೆದುಕೊಂಡದ್ದೇ ಆ ಊರಲ್ಲಾದರೆ? ಅಲ್ಲೇ ಇರಬೇಕಾದರೆ? 1940ರ ದಶಕದ ಮೊದಲ ವರ್ಷಗಳಲ್ಲಿ ಬಂದ ಈ ಕಾದಂಬರಿ ಕೇಳುವುದು ಆ ಪ್ರಶ್ನೆಯನ್ನು.

ನಾಗವೇಣಿ ಕಳೆದುಕೊಳ್ಳುವುದು ಒಂದೇ ಏಟಿಗಲ್ಲ. ಗಂಡ ಲಚ್ಚ ಬದುಕಿರುವಾಗಲೇ ಇಲ್ಲದವನಾಗುತ್ತಾನೆ. ಜೂಜು, ಸೂಳೆಗಾರಿಕೆ, ಅದರಿಂದ ಬಂದ ರೋಗ ಅವಳಿಗೂ ತಗಲುತ್ತದೆ. ಮಾವ ರಾಮ ಐತಾಳರು ಮಗನನ್ನು ನಂಬದೆ ಸೊಸೆಯ ಹೆಸರಿಗೆ ಮಾಡಿದ ಆಸ್ತಿಯೂ ಲಚ್ಚನ ಮೋಸಕ್ಕೆ ಕೈತಪ್ಪುತ್ತದೆ. ಸತ್ತ ಗಂಡನಿಗಾದರೆ ಅಳಬಹುದು, ಊರೂ ಜೊತೆಗೆ ಅಳುತ್ತದೆ. ಇಂಥ ಗಂಡನನ್ನು ಕಳೆದುಕೊಂಡವಳಿಗೆ ಅಳುವ ಹಕ್ಕೂ ಇಲ್ಲ. ಇದನ್ನು ಕಾರಂತರು ಎಲ್ಲೂ ದನಿ ಏರಿಸದೆ ಬರೆದಿದ್ದಾರೆ. ಅಳಲು ಹೊರಟವರಿಗೆ ಮುಂದಿನ ಪುಟದಲ್ಲಿ ಗದ್ದೆಯ ಕೆಲಸ ಕಾದಿರುತ್ತದೆ.

ಕಾದಂಬರಿಯ ಕಡಲೂ ಹಾಗೆಯೇ. ರಾಮ ಅದರ ಮೊರೆತವನ್ನು ಸಂಗೀತದಂತೆ ಕೇಳುತ್ತಾನೆ, ನಿಜ. ಆದರೆ ಅವನಿಗಿಂತ ಎರಡು ತಲೆಮಾರು ಹಿಂದೆ ಪಾರೋತಿ, ಸರಸೋತಿಯರಿಗೆ ನೀರು ಎಂದರೆ ದುಡಿಮೆ. ಮಳೆಗಾಲದ ನೆರೆಯಲ್ಲಿ ತೇಲಿಬರುವ ಸೌದೆಗಾಗಿ ಅವರು ಇಳಿಯುವ ಜಾಗ ಅದು. ಹೆಂಗಸರ ಕೈಯಲ್ಲಿ ಬೆಳೆದ ಮನೆ ಅದು. ಗಂಡನಿಲ್ಲದೆ ಅಣ್ಣನ ಮನೆಯಲ್ಲಿ ಉಳಿದ ಸರಸೋತಿ ಮೊದಲೇ ಅಲ್ಲಿ ಇಡೀ ಒಂದು ಬದುಕನ್ನು ಹೊಸದಾಗಿ ಆರಂಭಿಸಿ, ಮುಗಿಸಿಯೂ ಬಿಟ್ಟಿರುತ್ತಾಳೆ. ನಾಗವೇಣಿ ಕಲಿಯುವುದು ಅವಳಿಂದ. ಇದು ನನಗೆ ಮೊದಲ ಓದಿನಲ್ಲಿ ಕಂಡೇ ಇರಲಿಲ್ಲ. ಸರಸೋತಿಯನ್ನು ಮಡಿ ಹೆಂಗಸು ಎಂದು ದಾಟಿ ಹೋಗಿದ್ದೆ.

ವಿಮರ್ಶೆಯಲ್ಲಿ ‘ಮಣ್ಣಿಗೆ ಮರಳುವುದು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನನ್ನ ತಕರಾರು ಇಷ್ಟೇ: ಮರಳಲು ಮೊದಲು ಬಿಟ್ಟು ಹೋಗಿರಬೇಕು. ರಾಮನಿಗೆ ಮದರಾಸು ಇತ್ತು, ಮುಂಬಯಿ ಇತ್ತು. ಪಕ್ಕದ ಮಯ್ಯರ ಮನೆಯವರಿಗೆ ಬೆಂಗಳೂರಿನ ಹೋಟೆಲು ಇತ್ತು. (ನಮ್ಮ ಬಳ್ಳಾರಿಯ ಉಡುಪಿ ಹೋಟೆಲುಗಳಲ್ಲಿ ಕೂತಾಗೆಲ್ಲ ಈ ಮಯ್ಯರು ನೆನಪಾಗುತ್ತಾರೆ. ಕರಾವಳಿಯ ಗಂಡಸರು ಬಿಟ್ಟು ಬಂದ ಮನೆಗಳನ್ನು ಅಲ್ಲಿ ಯಾರು ನೋಡಿಕೊಂಡರು ಎಂದು ನಾವು ದೋಸೆ ತಿನ್ನುವಾಗ ಕೇಳುವುದಿಲ್ಲ.) ನಾಗವೇಣಿಗೆ ಇದ್ದದ್ದು ತವರು, ಅಷ್ಟೇ. ಹೋಗುತ್ತಾಳೆ, ಬರುತ್ತಾಳೆ. ರಾಮ ಮರಳಿ ಬಂದಾಗ ಅಲ್ಲಿ ಮರಳಲು ಏನಾದರೂ ಉಳಿದಿತ್ತು ಎಂದರೆ ಅದು ಅವಳು ಉಳಿದಿದ್ದಕ್ಕೆ. ಆದರೂ ಹೊಸ ಆರಂಭದ ಗೌರವವನ್ನು ಕಾರಂತರು ಮಗನಿಗೆ ಕೊಟ್ಟರು. ಕಾದಂಬರಿ ದೊಡ್ಡದು, ನನಗೆ ಪ್ರೀತಿಯದು. ಆದರೂ ಕೊನೆಯ ಭಾಗದಲ್ಲಿ ರಾಮನ ಯೋಚನೆಗಳಿಗೆ ಸಿಕ್ಕಷ್ಟು ಜಾಗ ಅವಳಿಗೆ ಸಿಗಲಿಲ್ಲ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಅದೇ ಕರಾವಳಿಯಲ್ಲಿ ಇನ್ನೂ ದಕ್ಷಿಣಕ್ಕೆ, ಕಾಸರಗೋಡಿನ ಕಡೆ, ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯ ನಾದಿರಾ ಇದ್ದಾಳೆ. ಅಪ್ಪನ ಹಟಕ್ಕೆ ಸಂಸಾರ ಮುರಿದವಳು ಅವಳು. ಅವಳಿಗೂ ಬೇಕಿದ್ದದ್ದು ಮತ್ತೆ ಶುರು ಮಾಡುವುದು, ಅದೂ ತಾನು ಪ್ರೀತಿಸಿದ ಗಂಡನ ಜೊತೆಗೇ. ಅದಕ್ಕೆ ಮೊದಲು ಬೇರೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕೆಂಬ ಷರತ್ತು. ಅವಳು ನೀರಿಗೆ ಇಳಿದುಬಿಡುತ್ತಾಳೆ. ಎರಡನ್ನೂ ಒಟ್ಟಿಗೆ ಓದಿದಾಗ ನಾಗವೇಣಿಯ ಉಳಿಯುವಿಕೆ ಸಹನೆಯಂತೆ ಕಾಣುವುದು ನಿಂತುಹೋಯಿತು. ಅವಳಿಗೆ ಕೆಲಸವಿತ್ತು, ಪಕ್ಕದಲ್ಲಿ ಸರಸೋತಿಯಂಥ ಇನ್ನೊಬ್ಬ ಹೆಂಗಸಿದ್ದಳು. ನಾದಿರಾಳಿಗೆ ತಾಯಿ ಇದ್ದಳು, ಆದರೆ ಆ ತಾಯಿಗೆ ಮನೆಯಲ್ಲಿ ಮಾತೇ ಇರಲಿಲ್ಲ.

ಇನ್ನೊಂದು ಇದೆ: ನಾಗವೇಣಿಯ ಪಿಟೀಲು. ಹೊಟ್ಟೆ ತುಂಬಿಸದ, ಸಾಲ ತೀರಿಸದ ಒಂದೇ ವಸ್ತು ಆ ಮನೆಯಲ್ಲಿ. ಮಗನಿಗೆ ಅವಳಿಂದ ಬಂದದ್ದರಲ್ಲಿ ಹೊಲಕ್ಕಿಂತ ಅದೇ ಹೆಚ್ಚು ಎಂದು ನನಗನಿಸುತ್ತದೆ.

ಆ ವರ್ಷ ಒಂದು ರಾತ್ರಿ ಅಮ್ಮ ದಾರ ಪೋಣಿಸುತ್ತ, ಅಷ್ಟು ದಪ್ಪ ಪುಸ್ತಕದಲ್ಲಿ ಏನೈತಿ ಎಂದು ಕೇಳಿದಳು. ಕತೆ ಹೇಳಿದೆ.

“ಆಮ್ಯಾಲೆ ಆ ಹೆಣ್ಮಗಳು ಎಲ್ಲಿಗೆ ಹೋದ್ಳು?”

“ತವರಿಗೆ ಹೋಗಿದ್ಳು. ತಿರುಗಿ ಬಂದ್ಳಮ್ಮ.”

“ತವರಾಗ ಎಷ್ಟು ದಿನ ಇರಾಕ ಆಗ್ತೈತಿ,” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಮಗ ಕೆಲಸಕ್ಕೆ ಸೇರಿದ್ನಾ?” ಎಂದು ಕೇಳಿ ಮಷೀನಿನ ಗಾಲಿ ತಿರುಗಿಸಿದಳು.